ಪಾಚಿ ಹೊಂಡದ ಪಕ್ಕದ ಕುರ್ಚಿ

ಊರಿನ ಚರಂಡಿ ನೀರೆಲ್ಲ ಬಂದು ಸೇರುವ ಹೊಂಡಗಳನ್ನು ನೋಡಿಕೊಳ್ಳುತ್ತಿದ್ದವನು ಮೂಡ್ಲಯ್ಯ. ಮೊದಲ ಹೊಂಡದಲ್ಲಿ ಕಪ್ಪು ಗಲೀಜು. ಕೊನೆಯ ಹೊಂಡದಲ್ಲಿ ಆ ಗಲೀಜನ್ನೇ ತಿಂದು ತೇಗುವ ಹಸಿರು ಪಾಚಿ.

ಹೊಸ ಸಾಹೇಬರು ಕೊನೆಯ ಹೊಂಡದ ಬಳಿ ಜೀಪಿಳಿದವರೇ ಕೆಂಡವಾದರು. "ನೀರು ಶುದ್ಧ ಮಾಡು ಅಂದ್ರೆ ಪಾಚಿ ಸಾಕಿದ್ದೀಯೇನಯ್ಯಾ? ನಾಳೆಯೊಳಗೆ ಪೂರಾ ಎತ್ತಿಸದಿದ್ರೆ ನಿನ್ನ ಕೆಲಸ ಹೋಯ್ತು! ಈಗಲೇ ಆರ್ಡರ್ ಬರೀತೀನಿ."

"ಆಗ್ಲಿ ಸಾರ್. ಕೂತ್ಕೊಂಡು ಬರೀರಿ" ಎಂದ ಮೂಡ್ಲಯ್ಯ, ಮೇಜು, ಕುರ್ಚಿ, ಬಿಸಿ ಟೀ ಎಲ್ಲವನ್ನೂ ಒಯ್ದು ಮೊದಲ ಹೊಂಡದ ದಂಡೆಯಲ್ಲಿ ಜೋಡಿಸಿದ.

ಸಾಹೇಬರು ಗತ್ತಿನಿಂದ ಹೋಗಿ ಕೂತರು. ಪೆನ್ನು ತೆಗೆಯುವ ಮೊದಲೇ ಕರ್ಚೀಫು ಮೂಗಿಗೆ ಹೋಯಿತು. ಲೋಟ ಎತ್ತಿದರೆ ವಾಕರಿಕೆ. "ಥೂ! ಇಲ್ಲಿ ಯಾಕಯ್ಯಾ ಕುರ್ಚಿ ಹಾಕಿದೆ?"

"ನಿಮಗೆ ಪಾಚಿ ಆಗಲ್ವಲ್ಲ ಸಾರ್. ಇಲ್ಲಿ ಹುಡುಕಿದ್ರೂ ಸಿಗಲ್ಲ."

ಸಾಹೇಬರು ಲೋಟ ಹಿಡಿದುಕೊಂಡೇ ಓಡಿದರು. ನಿಂತದ್ದು ಹಸಿರು ಹೊಂಡದ ಪಕ್ಕದಲ್ಲೇ. ಕರ್ಚೀಫು ತಾನಾಗಿ ಜೇಬಿಗಿಳಿಯಿತು, ಟೀ ಗಂಟಲಿಗಿಳಿಯಿತು.

ಮೂಡ್ಲಯ್ಯ ಕೈಕಟ್ಟಿ ನಿಂತ. "ಪಾಚಿ ಯಾವಾಗ ಎತ್ತಿಸ್ಲಿ ಸಾರ್?"

ಸಾಹೇಬರು ಖಾಲಿ ಲೋಟ ಚಾಚಿದರು. "ಮೊದಲು ಆ ಕುರ್ಚಿ ಎತ್ತಿ ಇಲ್ಲಿಗೆ ತಾರಯ್ಯಾ. ಹಾಗೇ ಇನ್ನರ್ಧ ಟೀ."