ತಟ್ಟೆಯನ್ನು ತಟ್ಟಿದವರು ಯಾರು?

"ಗುರುಗಳೇ, ನಮ್ಮ ಆಕಾಶಗಂಗೆ ಮೊದಲು ರೂಪವಿಲ್ಲದ ಅನಿಲದ ಮೋಡವಾಗಿತ್ತು ಎಂದಿರಿ. ಈಗ ತಟ್ಟೆಯಂತೆ ಚಪ್ಪಟೆಯಾಗಿ ಸುತ್ತುತ್ತಿದೆ ಎಂದಿರಿ. ಅದನ್ನು ತಟ್ಟಿದವರು ಯಾರು?" ಎಂದು ಶಿಷ್ಯ ಕೇಳಿದ.

"ತಟ್ಟಲೇಬೇಕೆ?"

"ತಟ್ಟದೆ ರೊಟ್ಟಿಯೇ ಆಗುವುದಿಲ್ಲ. ಇಷ್ಟು ದೊಡ್ಡ ತಟ್ಟೆ ತಾನಾಗಿ ಆಗುತ್ತದೆಯೇ?"

"ನೀನು ಯಾವತ್ತು ರೊಟ್ಟಿ ತಟ್ಟಿದ್ದೆ?" ಎಂದು ಕೇಳಿ ಗುರು ಒಂದು ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಬಾಣಲೆಯಂಥ ಒಂದು ಹಳ್ಳದಲ್ಲಿ ಕುರಿಗಳನ್ನು ಕೂಡಿಹಾಕುತ್ತಿದ್ದ. ಹಳ್ಳದ ಅಂಚಿನುದ್ದಕ್ಕೂ ಮುಳ್ಳಿನ ಬೇಲಿ. ಒಂದು ಮಧ್ಯಾಹ್ನ ಗುಡುಗಿತು. ಕುರಿಗಳು ಬೆದರಿದವು. ಕೆಲವು ಇಳಿಜಾರು ಹತ್ತಿ ಓಡಿದವು, ಕೆಲವು ಇಳಿದು ಓಡಿದವು. ಕೆಲವು ಎಡಕ್ಕೆ ಸುತ್ತಿದವು, ಕೆಲವು ಬಲಕ್ಕೆ. ತಳದಲ್ಲಿ ಅಂದೇ ಹುಟ್ಟಿದ ಮರಿಯೊಂದು ಮಲಗಿತ್ತು. ಅದಕ್ಕೆ ಎದ್ದು ನಿಲ್ಲಲು ಇನ್ನೂ ಬಾರದು. ಹಿಂಡು ಅದರ ಮೇಲೆ ಹಾಯ್ದರೆ ಉಳಿಯುವಂತಿರಲಿಲ್ಲ.

ಕುರಿಗಾಹಿ ಕೋಲು ಹಿಡಿದು ಬೇಲಿ ದಾಟಲು ಹೋದ. ಹೆಂಡತಿ ಅವನ ಕಂಬಳಿ ಹಿಡಿದು ಎಳೆದಳು.

"ಬಿಡೇ, ಇವನ್ನ ಸಾಲಿಗೆ ತರ್ತೀನಿ."

"ನೀನು ಇಳಿದ್ರೆ ಇನ್ನೂ ಬೆದರ್ತವೆ. ಆಮೇಲೆ ಕುರಿ ಎಣಿಸೋವಾಗ ನಿನ್ನನ್ನೂ ಸೇರಿಸಿ ಎಣಿಸಬೇಕಾಗ್ತದೆ. ಸುಮ್ಮನೆ ನೋಡು."

ಹತ್ತುವ ಕುರಿ ಇಳಿಯುವ ಕುರಿಗೆ ಡಿಕ್ಕಿ ಹೊಡೆಯಿತು. ಎರಡರ ಓಟವೂ ಅಲ್ಲೇ ಮುಗಿಯಿತು. ಎಡಕ್ಕೆ ಸುತ್ತುವುದು ಬಲಕ್ಕೆ ಸುತ್ತುವುದಕ್ಕೆ ಹಾಯಿತು. ಎರಡೂ ತತ್ತರಿಸಿ, ಹಿಂದಿನಿಂದ ಬಂದವುಗಳ ಜೊತೆ ಸೇರಿಕೊಂಡವು. ಬಲಕ್ಕೆ ಸುತ್ತುವ ಕುರಿಗಳು ಮೊದಲಿನಿಂದಲೂ ಕೊಂಚ ಹೆಚ್ಚಿದ್ದವು. ಆ ಹೆಚ್ಚಿನ ಸುತ್ತಿಗೆ ಎದುರು ಬರಲು ಕೊನೆಗೆ ಒಂದೂ ಉಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಇಡೀ ಹಿಂಡು ಹಳ್ಳದ ಅರ್ಧ ಎತ್ತರದಲ್ಲಿ, ಒಂದೇ ಮಟ್ಟದಲ್ಲಿ, ಒಂದೇ ಕಡೆಗೆ ಸುತ್ತುತ್ತಿತ್ತು. ಸುತ್ತುತ್ತಿದ್ದುದರಿಂದ ತಳಕ್ಕೆ ಒಂದೂ ಜಾರಲಿಲ್ಲ. ಮರಿ ಮಲಗಿದ್ದಲ್ಲೇ ಅರಚುತ್ತಿತ್ತು. ಅದಕ್ಕೆ ಒಂದು ಗೊರಸೂ ತಾಗಿರಲಿಲ್ಲ.

ಗುರು ಕತೆ ಮುಗಿಸಿದರು.

"ಮೋಡದೊಳಗೂ ಹೀಗೆಯೇ ಆಯಿತೇ?" ಎಂದು ಶಿಷ್ಯ ಕೇಳಿದ.

"ಹೀಗೆಯೇ. ಮೇಲಿನಿಂದ ಬಿದ್ದ ಅನಿಲ ಕೆಳಗಿನಿಂದ ಬಂದದ್ದಕ್ಕೆ ಬಡಿಯಿತು. ಏರಿಳಿತ ತಣಿಯಿತು, ಸುತ್ತು ಉಳಿಯಿತು."

"ಅದು ಸರಿ. ಆದರೆ ತಟ್ಟಿದವರು ಯಾರು ಎಂದು ನೀವು ಹೇಳಲೇ ಇಲ್ಲ."

"ಅವೇ ಒಂದನ್ನೊಂದು ತಟ್ಟಿಕೊಂಡವು, ನೀನು ಇನ್ನೂ ಬೇಲಿಯ ಹತ್ತಿರ ಕೋಲು ಹಿಡಿದು ನಿಂತಿದ್ದೀಯ."