ಗೋಡೆ ಕುಡಿದ ದೊರೆ

ಒಂದಾನೊಂದು ಊರು. ಹೆಸರು ಕೇಳಬೇಡಿ, ಅಂಥ ದೊರೆಯನ್ನು ಇಟ್ಟುಕೊಂಡ ಊರಿಗೆ ಹೆಸರೊಂದು ಕೇಡು. ಆ ಊರಲ್ಲಿ ಕೆಂಚವ್ವ ಅಂತ ಒಬ್ಬಳಿದ್ದಳಂತೆ. ಮದುವೆ ಮನೆಗಳ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಸುಣ್ಣದಲ್ಲಿ ಚಿತ್ರ ಬರೆಯೋದು ಅವಳ ಕಸುಬು. ಅವಳಿಗೊಬ್ಬಳೇ ಮಗಳು, ಹೊನ್ನಿ.

ಹೊನ್ನಿ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು ಹುಟ್ಟಿತು. ಕೂಸೇನೋ ಗಟ್ಟಿ, ತಾಯಿಗೇ ಏನೋ ಆಯಿತು. ಗೋಡೆಗೆ ಮುಖ ಮಾಡಿ ಮಲಗಿದವಳು ಇತ್ತ ತಿರುಗಲೇ ಇಲ್ಲ. ಅನ್ನ ಬೇಡ, ನೀರು ಬೇಡ, ಕೂಸೂ ಬೇಡ. ಕಷಾಯ ಕುಡಿಸಿದರು, ದೃಷ್ಟಿ ತೆಗೆದರು, ಹರಕೆ ಹೊತ್ತರು. ಊಹೂಂ. ಕೂಸು ಹಸಿದು, ಅತ್ತು ಅತ್ತು ಬಾಡತೊಡಗಿತು.

ಕೆಂಚವ್ವನಿಗೆ ಸಿಟ್ಟು ನೆತ್ತಿಗೇರಿತು. "ಗ್ವಾಡೀನ ಬೇಕೇನು ನಿನಗ? ಹಂಗಾದ್ರ ನೋಡು!" ಅಂದವಳೇ ಮಗಳ ಮೂಗಿನ ಮುಂದೆಯೇ ಒಂದು ಕೋಳಿ ಬರೆದಳಂತೆ. ಮರುದಿನ ಅದರ ಹಿಂದೆ ಮರಿಗಳು. ಆಮೇಲೆ ಮರಿಗಳ ಹಿಂದೆ ಹೊಂಚುಹಾಕುವ ಬೆಕ್ಕು. ಹೊನ್ನಿ ನೋಡಿದಳು, ನೋಡಿದಳು, ಕೊನೆಗೊಂದು ಬೆಳಗ್ಗೆ ಬಾಯಿ ಬಿಟ್ಟಳು.

"ಯವ್ವಾ, ಬೆಕ್ಕು ಹಿಡೀತದೇನು?"

"ಗಂಜಿ ಕುಡಿ, ಹೇಳ್ತೀನಿ."

ಕುಡಿದಳು. ಎದ್ದು ಕೂತಳು. ಗೋಡೆ ನೋಡುತ್ತಲೇ ಕೂಸನ್ನು ಎತ್ತಿಕೊಂಡು ಮೊಲೆ ಕೊಟ್ಟಳು. ಕೆಂಚವ್ವ ಒಲೆಯ ಮುಂದೆ ಕೂತು ಸೆರಗಲ್ಲಿ ಕಣ್ಣು ಒರೆಸಿಕೊಂಡಳಂತೆ.

ದೊರೆಗೂ ಒಂದು ರೋಗವಿತ್ತು. ತಿಂದದ್ದು ರುಚಿಸದು, ಮಲಗಿದರೆ ನಿದ್ದೆ ಬಾರದು, ಯಾರಾದರೂ ನಕ್ಕರೆ ಮೈಯೆಲ್ಲ ಉರಿ. ಕೆಂಚವ್ವನ ಗೋಡೆಯಲ್ಲಿ ಮದ್ದಿದೆ ಅಂತ ಸುದ್ದಿ ಅವನ ಕಿವಿಗೆ ಬಿತ್ತು. ಮದ್ದು ಅಂದಮೇಲೆ ಕುಡಿಯೋದು ತಾನೆ? ಆ ತಲೆಗೆ ಇನ್ನೇನು ಹೊಳೆದೀತು! ಆಳುಗಳನ್ನು ಅಟ್ಟಿದ. ಆ ಮುಟ್ಠಾಳರು ಬಾಣಂತಿ ಕೋಣೆ ಅಂತಲೂ ನೋಡದೆ ನುಗ್ಗಿ ಕೋಳಿ, ಮರಿ, ಬೆಕ್ಕು ಎಲ್ಲವನ್ನೂ ಕೆರೆದು ಬುಟ್ಟಿಗೆ ತುಂಬಿಕೊಂಡು ಹೋದರು. ದೊರೆ ಅದನ್ನು ಅರೆಸಿ, ಜೇನುತುಪ್ಪದಲ್ಲಿ ಕಲಸಿ, ಗಟಗಟ ಕುಡಿದನಂತೆ. ಅವನ ಬಾಯಿಗೆ ಮಣ್ಣು ಬೀಳಲಿ ಅಂತ ಯಾರೂ ಶಪಿಸಬೇಕಾಗಿರಲಿಲ್ಲ, ತಾನೇ ಹಾಕಿಕೊಂಡ.

ಇತ್ತ ಹೊನ್ನಿ ಕೆರೆದ ಗೋಡೆಗೆ ಮುಖ ಮಾಡಿ ಮತ್ತೆ ಮಲಗಿಬಿಟ್ಟಳು. ಕೂಸು ಮತ್ತೆ ಅಳತೊಡಗಿತು. ಕೆಂಚವ್ವ ಸುಣ್ಣ ಕಲಸಲು ಕೂತಿದ್ದಳಷ್ಟೇ, ಆಳುಗಳು ಬಂದು ಅವಳನ್ನು ಅರಮನೆಗೆ ಎಳೆದೊಯ್ದರು. ಅಲ್ಲಿ ದೊರೆ ಉಬ್ಬಿದ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದ.

"ನಿನ್ನ ಮದ್ದು ಕುಡಿದು ಸಾಯ್ತಿದ್ದೀನಲ್ಲೇ! ನಿನ್ನ ತಲೆ ತೆಗೆಸ್ತೀನಿ!"

"ಮದ್ದಲ್ಲೋ ಅದು, ಚಿತ್ರ!" ಕೆಂಚವ್ವ ಅರಮನೆ ಅದುರುವಂತೆ ಕೂಗಿದಳು. "ದೇವರು ಕಣ್ಣು ಯಾಕ ಕೊಟ್ಟಾನ ನಿನಗ? ನೋಡೂದನ್ನ ನುಂಗಿದ್ರ ಹೊಟ್ಟಿ ಉಬ್ಬದ ಇನ್ನೇನಾಗ್ತದ? ನನ್ನ ಮಗಳ ಜೀವಾನ ಕೆರಕೊಂಡು ತಿಂದೀಯಲ್ಲೋ!"

ದೊರೆಯನ್ನು ಏಕವಚನದಲ್ಲಿ ಬೈದವರು ಅದುವರೆಗೆ ಇರಲಿಲ್ಲ. ಅವನು ಬೆಪ್ಪಾದ. "ಹಾಗಾದರೆ ಇಲ್ಲೇ ಬರಿ, ನೋಡ್ತೀನಿ" ಅಂದ.

"ಮೊದಲು ನನ್ನ ಮಗಳ ಗ್ವಾಡಿ. ಬೇಕಾದ್ರ ಅಲ್ಲಿಗೆ ಬಾ. ತಲಿ ತಗಸ್ತೀಯಾ, ತಗಸು. ಆಮ್ಯಾಲೆ ಯಾರು ಬರೀತಾರ, ನಿನ್ನ ಆಳು ಬರೀತಾರೇನು?"

ರೋಗ ಅಂಥದ್ದು, ದೊರೆ ಹೋದ. ಬಾಣಂತಿ ಮಂಚದ ಪಕ್ಕದ ನೆಲದ ಮೇಲೆ ಕೂತ. ಕೆಂಚವ್ವ ಹಲ್ಲು ಕಚ್ಚಿಕೊಂಡು ಬರೆದಳು. ಮೊದಲು ಒಂದು ಕಿರೀಟ. ಅದರ ಕೆಳಗೆ ಡೊಳ್ಳುಹೊಟ್ಟೆ. ಹೊಟ್ಟೆಯೊಳಗೆ ಕೋಳಿ, ಮರಿ, ಬೆಕ್ಕು, ಅಷ್ಟೂ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿವೆ! ಆಳುಗಳು ಮೆಲ್ಲಗೆ ಬಾಗಿಲ ಕಡೆ ಸರಿದರು. ಕೆಂಚವ್ವ ದೊರೆಯ ಕಡೆ ತಿರುಗಿಯೂ ನೋಡಲಿಲ್ಲ, ಮಗಳನ್ನೇ ನೋಡುತ್ತಿದ್ದಳು.

ಹೊನ್ನಿಯ ತುಟಿ ಅಲುಗಿತು. ಆಮೇಲೆ ಕಿಸಕ್ಕನೆ ನಕ್ಕಳು. ನಕ್ಕು ನಕ್ಕು ಎದ್ದು ಕೂತು, ಅಳುವ ಕೂಸಿಗೆ ಕೈಚಾಚಿದಳು. ದೊರೆ ಗೋಡೆ ನೋಡಿದ, ತನ್ನ ಹೊಟ್ಟೆ ನೋಡಿಕೊಂಡ, ಮತ್ತೆ ಗೋಡೆ ನೋಡಿದ. ಎಷ್ಟೋ ವರ್ಷದ ಮೇಲೆ ಅವನಿಗೂ ನಗು ಬಂತಂತೆ. ಹಸಿವೂ ಆಯಿತಂತೆ. ಗೋಡೆಗೆ ಇನ್ನಷ್ಟು ಹತ್ತಿರ ಸರಿದು ಕೇಳಿದ:

"ಏನು ಬೇಕು ಕೇಳು ತಾಯಿ. ಅರ್ಧ ರಾಜ್ಯ ಕೊಡಲಾ?"

ಕೆಂಚವ್ವನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ರಾಜ್ಯ ನೀನ ಇಟಗೋ. ಅತ್ತಾಗ ಸರಿ, ನನ್ನ ಮಗಳಿಗೆ ಕಾಣವಲ್ದು."

ದೊರೆ ಸರಿದು ಕೂತ. ಅವರು ಅಲ್ಲಿ ಗೋಡೆ ನೋಡುತ್ತ ಕೂತರು, ನಾವು ಇಲ್ಲಿ ಕತೆ ಮುಗಿಸಿ ಎದ್ದೆವು.