ಪಾಲಕ್ಕನ ಕಲ್ಲಿಗೆ ಒಂದು ಉಸಿರು

ಕೂತ್ಕೊಳ್ಳಿ ಮಕ್ಕಳಾ, ಬಿಸಿಲು ಇನ್ನಷ್ಟು ಇಳಿಯಲಿ. ಅಲ್ಲೀವರೆಗೆ ಉಳಿ ಪಾಲಕ್ಕನ ಕಥೆ ಹೇಳ್ತೀನಿ. ಇವತ್ತಿನ ದಿನ ಈ ಕಥೆ ಕೇಳದೆ ಕಲ್ಲಿನ ಹತ್ತಿರ ಹೋಗಬಾರದು.

ನನ್ನಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಹುಟ್ಟಿರದ ಕಾಲ. ಆಗ ಒಂದೂರು ಇತ್ತು. ಊರು ಅಂದೆನೇ? ತಪ್ಪಾಯ್ತು. ನಮ್ಮ ಬಂಡೆಹಟ್ಟಿ ಆಗ ಊರಲ್ಲ. ಈಗಲೂ ಅಲ್ಲ, ಅದಿರಲಿ. ನಡುಬಯಲಲ್ಲಿ ಕರುಗಲ್ಲು ನೆಟ್ಟು ಪೂಜೆ ಮಾಡಿದರೆ ಅದು ಊರು, ಇಲ್ಲದಿದ್ದರೆ ಬರೀ ಹಟ್ಟಿ. ಎಂಬತ್ತೇಳು ಒಲೆ ಉರಿಯುತ್ತಿದ್ದರೂ ನಮಗೆ ಕರುಗಲ್ಲು ಇರಲಿಲ್ಲ. ಇದ್ದದ್ದು ಪಕ್ಕದ ದೊಡ್ಡೂರಿಗೆ. ನಾವು ಅದರ ಬಾಲ.

ದೊಡ್ಡೂರಿನ ಕೂರಿಗೆ ಹೊಲಕ್ಕೆ ಇಳಿಯದೆ ನಾವು ಬಿತ್ತುವ ಹಾಗಿರಲಿಲ್ಲವಂತೆ. ಅವರ ಗದ್ದೆ ಕುಡಿದು ಮಿಕ್ಕಿದರೆ ನಮಗೆ ಕೆರೆ ನೀರಂತೆ. ಇದನ್ನೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಹಟ್ಟಿಯಲ್ಲಿ ಯಾರಾದರೂ ಸತ್ತರೆ ದೊಡ್ಡೂರ ಗೌಡನ ಅಪ್ಪಣೆ ಬರುವತನಕ ಹೆಣ ಎತ್ತುವ ಹಾಗಿರಲಿಲ್ಲ. ಗೌಡ ಉಂಡು ಮಲಗಿದ್ದರೆ ಹೆಣ ಕಾಯಬೇಕು. ಗೌಡ ನೆಂಟರ ಮನೆಗೆ ಹೋಗಿದ್ದರೆ ಹೆಣ ಕಾಯಬೇಕು. ಸತ್ತ ಮೇಲೂ ಕೈ ಕಟ್ಟಿ ನಿಲ್ಲಬೇಕಿತ್ತು ನಮ್ಮವರು. ಥೂ, ಅದೂ ಒಂದು ಬಾಳೇ?

ಅಂಥ ಹಟ್ಟಿಯಲ್ಲಿ ಪಾಲಕ್ಕ ಇದ್ದಳಂತೆ, ಕಲ್ಲು ಒಡೆಯುವ ಮನೆತನದವಳು. ಬಂಡೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ತಟ್ಟಿ, ಇದು ಇಲ್ಲಿಗೆ ಸೀಳುತ್ತದೆ ಅನ್ನುತ್ತಿದ್ದಳಂತೆ. ಆನೆ ಗಾತ್ರದ ಗುಂಡು ಅವಳ ಒಂದೇ ಏಟಿಗೆ ಹೋಳಾಗುತ್ತಿತ್ತಂತೆ. ನಮ್ಮಜ್ಜಿ ಮೂರು ಏಟು ಅನ್ನೋಳು. ನಮ್ಮಜ್ಜ ಏಟೇ ಬೇಕಿರಲಿಲ್ಲ, ಉಳಿ ತೋರಿಸಿದರೆ ಸಾಕಿತ್ತು ಅನ್ನೋನು. ಅಜ್ಜನ ಮಾತು ಬಿಡಿ, ಸುಳ್ಳಿಗೆ ಸುಣ್ಣ ಬಳಿಯೋನು ಅವನು. ಆದರೆ ಸುತ್ತೇಳೂರಿನ ಬೀಸುಕಲ್ಲು, ಒರಳುಕಲ್ಲು ಎಲ್ಲ ಪಾಲಕ್ಕನ ಕೈಯವೇ ಅನ್ನೋದು ಮಾತ್ರ ನಿಜ. ಗೌಡನ ಮನೆಯ ರಾಗಿ ಬೀಸುತ್ತಿದ್ದದ್ದೂ ಅವಳು ಕಡೆದ ಕಲ್ಲೇ.

ಒಂದು ಬೇಸಿಗೆಯಲ್ಲಿ ಪಾಲಕ್ಕನ ತಾಯಿ ತೀರಿಕೊಂಡಳು. ಗೌಡ ಬೀಗರ ಊಟಕ್ಕೆ ಹೋಗಿದ್ದ. ಒಂದು ದಿನ ಆಯ್ತು, ಎರಡು ದಿನ ಆಯ್ತು. ಪಾಲಕ್ಕ ಬೇವಿನ ಸೊಪ್ಪು ಹಿಡಿದು ತಾಯಿಯ ಮುಖದ ಮೇಲಿನ ನೊಣ ಓಡಿಸುತ್ತ ಕೂತಳಂತೆ. ಮೂರನೇ ದಿನ ಅಪ್ಪಣೆ ಬಂತು. ಮಣ್ಣು ಮಾಡಿ ಬಂದವಳು ತಲೆಗೆ ನೀರು ಹಾಕಿಕೊಂಡು, ಉಳಿ ಸುತ್ತಿಗೆ ಹಿಡಿದು ಹಟ್ಟಿಯಂಚಿನ ಬಂಡೆ ಹತ್ತಿದಳು. ಏನು ಕಡೀತೀಯಾ ಪಾಲಕ್ಕ ಅಂತ ಕೇಳಿದರೆ ಕರುಗಲ್ಲು ಅಂದಳಂತೆ. ಯಾವೂರಿಗೆ ಅಂದರೆ, ನಮ್ಮೂರಿಗೆ ಅಂದಳಂತೆ.

ಸುದ್ದಿ ದೊಡ್ಡೂರಿಗೆ ಮುಟ್ಟಿತು. ಗೌಡ ಬುದ್ಧಿವಂತ, ಬಡಿಗೆ ಹಿಡಿದು ಬರಲಿಲ್ಲ, ಗಡಿಗೆ ಹಿಡಿದು ಬಂದ. ನಿಮಗೆ ಬೇಡವಾದರೆ ನಾನ್ಯಾಕೆ ಕಟ್ಟಿಹಾಕಲಿ, ಒಲೆಗೊಂದು ಬೀಜ ಹಾಕಿ ಅಂದನಂತೆ. ಬೇರೆ ಊರಾಗೋರು ಹುಣಸೆಬೀಜ, ದೊಡ್ಡೂರ ಜೊತೆಗಿರೋರು ಅವರೆಬೀಜ. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿರುತ್ತದೆ, ಯಾರು ಏನು ಹಾಕಿದರು ಅಂತ ಯಾರಿಗೂ ಕಾಣೋದಿಲ್ಲ. ಯಾವುದು ಹೆಚ್ಚೋ ಅದರ ಮಾತು ನಡೀಬೇಕು. ಬರುವ ಹುಣ್ಣಿಮೆಗೆ ಅಂತ ದಿನ ಗೊತ್ತಾಯ್ತು.

ಆ ಹುಣ್ಣಿಮೆ ಬರೋದರೊಳಗೆ ಗೌಡನ ಆಳುಗಳು ನಮ್ಮ ಜಗಲಿಗಳನ್ನ ಕೂತು ಕೂತು ಸವೆಸಿದರಂತೆ. ಬೆಳಗ್ಗೆ ಹೆದರಿಸೋದು, ಸಂಜೆ ಮೂಗಿಗೆ ತುಪ್ಪ ಸವರೋದು. ಬೇರೆ ಹೋದರೆ ಉಪ್ಪು ಎಲ್ಲಿಂದ ತರ್ತೀರಿ? ನಿಮ್ಮ ಹೆಣ್ಣುಮಕ್ಕಳನ್ನ ಯಾರು ತಗೋತಾರೆ? ಸಂಜೆಯಾದರೆ ಬೇರೆ ರಾಗ. ಜೊತೆಗಿದ್ದರೆ ಕೆರೆಗೆ ನಿಮ್ಮದೇ ಒಂದು ತೂಬು ಇಡಿಸ್ತೀವಿ, ಹೆಣ ಎತ್ತೋಕೆ ಇನ್ನು ಅಪ್ಪಣೆ ಬೇಕಿಲ್ಲ ಅಂತ. ಹಟ್ಟಿಯ ಹಿರಿಯ ಸಣ್ಣೋಬಯ್ಯ ಇದನ್ನ ನಂಬಿಬಿಟ್ಟ. ಕೆಟ್ಟವನಲ್ಲ ಪಾಪ, ಆರು ಮೊಮ್ಮಕ್ಕಳ ತಾತ. ಇರೋದನ್ನೂ ಕಳಕೊಂಡ್ರೆ ಮಕ್ಕಳು ಏನು ತಿಂತಾವೆ ಅಂತ ಮನೆಮನೆಗೂ ಹೋಗಿ ಹೇಳಿದನಂತೆ.

ಹುಣ್ಣಿಮೆಯ ದಿನ ಗಡಿಗೆ ಬೋರಲು ಹಾಕಿ ಎಣಿಸಿದರು. ಹುಣಸೆ ನಲವತ್ತೊಂದು, ಅವರೆ ನಲವತ್ತಾರು.

ಗೌಡ ಬೀಜ ಕದ್ದಿದ್ದರೆ ಅವನನ್ನ ಬೈದಾದರೂ ಸಮಾಧಾನ ಮಾಡ್ಕೋಬಹುದಿತ್ತು. ಕದ್ದಿರಲಿಲ್ಲ. ನಮ್ಮ ಕೈಯೇ ಹಾಕಿದ್ದು, ನಮ್ಮ ಕೈಯೇ! ಮೂರೇ ಮೂರು ಒಲೆಯವರು ಬೀಜ ಬದಲಿಸಿದ್ದರೆ ಸಾಕಿತ್ತು. ಇದನ್ನ ಹೇಳುವಾಗ ಈಗಲೂ ನನ್ನ ಹೊಟ್ಟೆ ಉರೀತದೆ. ಇನ್ನೊಂದು ಕೇಳಿ. ಮಾರನೇ ದಿನ ಹಟ್ಟಿಯಲ್ಲಿ ಯಾರನ್ನ ಕೇಳಿದರೂ ನಾನು ಹುಣಸೆಬೀಜ ಹಾಕಿದೆ ಅನ್ನೋರೇ ಅಂತೆ. ಅವರೆ ಹಾಕಿದೋನು ಒಬ್ಬನೂ ಇಲ್ಲ! ಹಾಗಾದರೆ ಆ ನಲವತ್ತಾರು ಅವರೆ ಗಡಿಗೆಯೊಳಗೇ ಹುಟ್ಟಿದವೇನು?

ತೂಬು ಕೇಳೋಕೆ ಹೋದವರಿಗೆ ಗೌಡ, ಯಾವ ತೂಬು ಅಂದನಂತೆ. ನೀವೇ ಹಾಕಿದ ಬೀಜ, ಮಾಡಿದ್ದುಣ್ಣೋ ಮಹರಾಯ ಅಂದನಂತೆ. ಅಷ್ಟಕ್ಕೇ ಬಿಡಲಿಲ್ಲ. ಪಾಲಕ್ಕ ಕಡೆದ ಆ ಕಲ್ಲನ್ನ ನೀವೇ ಒಡೆದು ತಂದು ನನ್ನ ಕೊಟ್ಟಿಗೆಗೆ ಹಾಸಿಕೊಡಿ, ದನಕ್ಕೆ ಕೆಸರಾಗ್ತದೆ ಅಂತ ಹೇಳಿ ಕಳಿಸಿದನಂತೆ.

ಹಟ್ಟಿಯ ಬಿಸಿರಕ್ತದವರು ಎದ್ದು, ಇವತ್ತೇ ಕಲ್ಲು ನೆಟ್ಟುಬಿಡೋಣ, ಏನಾಗ್ತದೋ ಆಗಲಿ ಅಂದರು. ಪಾಲಕ್ಕ ತಲೆ ಅಲ್ಲಾಡಿಸಿದಳು.

"ನಲವತ್ತಾರು ಒಲೆ ಬ್ಯಾಡ ಅಂದಮ್ಯಾಲೆ ನೆಟ್ರೆ, ನಾನೂ ಒಬ್ಬ ಗೌಡನೇ ಆಗ್ತೀನಿ ಕಣ್ರೋ."

ಹಾಗಾದರೆ ಒಡೀತೀಯಾ ಅಂದರು. ಅದಕ್ಕೂ ಇಲ್ಲ ಅಂದಳು. ನೆಡಬಾರದು ಅಂತ ಬೀಜ ಹೇಳಿದೆ, ಸರಿ. ನೂಕಬಾರದು ಅಂತ ಯಾವ ಬೀಜವೂ ಹೇಳಿಲ್ಲ ಅಂದಳಂತೆ. ಹಾಗಂದು ಒಂದು ಕಟ್ಟಳೆ ಮಾಡಿದಳು. ವರ್ಷಕ್ಕೊಂದು ಸಲ, ಸೋತ ಅದೇ ಹುಣ್ಣಿಮೆಯ ಸಂಜೆ, ಬಂಡೆಯ ಬುಡದಲ್ಲಿ ಮಲಗಿರೋ ಕಲ್ಲನ್ನ ನಡುಬಯಲ ಕಡೆಗೆ ನೂಕಬೇಕು. ಒಂದೇ ಉಸಿರಿನ ನೂಕು. ಉಸಿರು ಬಿಟ್ಟವರು ಕೈ ತೆಗೀಬೇಕು. ಹಾರೆ ಹಾಕಬಾರದು, ಎತ್ತು ಕಟ್ಟಬಾರದು. ಯಾವ ಬೀಜ ಹಾಕಿದ್ದೆ ಅಂತ ಯಾರನ್ನೂ ಕೇಳಬಾರದು. ಕಲ್ಲು ನಡುಬಯಲು ಮುಟ್ಟಿದ ದಿನ ಮತ್ತೆ ಗಡಿಗೆ ಇಡೋಣ, ಅಷ್ಟು ಹೊತ್ತಿಗೆ ಯಾರ ಮನಸ್ಸು ಎಲ್ಲಿದೆ ಅಂತ ಗೊತ್ತಾಗಿರ್ತದೆ ಅಂದಳಂತೆ.

ಮೊದಲನೇ ವರ್ಷ ಬಂದವರು ಒಂಬತ್ತು ಜನ. ನಲವತ್ತೊಂದು ಬೀಜ ಹಾಕಿದವರಲ್ಲಿ ಒಂಬತ್ತು! ಉಳಿದವರಿಗೆ ಬೇಜಾರಂತೆ, ಸೋತ ಮೇಲೆ ಏನಿದೆ ಅಂತ ಮನೆಯಲ್ಲೇ ಕೂತರಂತೆ. ಒಂಬತ್ತು ಜನ ಉಸಿರು ಕಟ್ಟಿ ನೂಕಿದರು. ಕಲ್ಲು ಕೂದಲೆಳೆಯಷ್ಟೂ ಕದಲಲಿಲ್ಲ. ಗೌಡನ ಆಳುಗಳು ಬೇಲಿಯಾಚೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಪಾಲಕ್ಕ ಸೆರಗಿನಿಂದ ಬೆವರು ಒರೆಸಿಕೊಂಡು, ಮುಂದಿನ ವರ್ಷ ಬನ್ನಿ ಅಂದಳಂತೆ.

ಆ ವರ್ಷದ ಕೊನೆಗೆ ಸಣ್ಣೋಬಯ್ಯ ಸತ್ತ. ದೊಡ್ಡೂರನ್ನ ನಂಬಿ ಮನೆಮನೆ ಸುತ್ತಿದನಲ್ಲ, ಅದೇ ಸಣ್ಣೋಬಯ್ಯ. ಅವನಿಗಾದರೂ ಗೌಡ ಮಾತು ಉಳಿಸಿಕೊಂಡನೇ? ಇಲ್ಲ. ಅವನ ಹೆಣವೂ ಮೂರು ದಿನ ಕಾಯಿತು. ಹುಣ್ಣಿಮೆ ಬಂದಾಗ ಅವನ ಮಗ ಬೊಮ್ಮಯ್ಯ ತಲೆ ತಗ್ಗಿಸಿಕೊಂಡು ಕಲ್ಲಿನ ಹತ್ತಿರ ಬಂದನಂತೆ, ಅವನ ಹಿಂದೆ ಅವನ ದಾಯಾದಿಗಳು. ಪಾಲಕ್ಕ, ನಮ್ಮಪ್ಪ ಅವತ್ತು... ಅಂತ ಬಾಯಿ ತೆರೆದ. ಪಾಲಕ್ಕ ಅವನ ಮಾತು ತಡೆದಳು.

"ಉಸಿರು ಉಳಿಸ್ಕೋ ಬೊಮ್ಮಯ್ಯ. ನೂಕಾಕೆ ಬೇಕು."

ಆ ವರ್ಷ ಕಲ್ಲು ಒಂದು ಗೇಣು ಸರಿಯಿತು. ಸರಿದ ಸದ್ದು ದೊಡ್ಡೂರಿನ ಕೆರೆ ಏರಿಗೂ ಕೇಳಿಸಿತಂತೆ. ನಮ್ಮಜ್ಜ ಮಾತ್ರ ಗೌಡನ ಮಂಚವೇ ಅಲ್ಲಾಡಿತು ಅನ್ನೋನು. ಈ ಒಂದು ಸುಳ್ಳು ನನಗೂ ಇಷ್ಟ.

ವರ್ಷ ವರ್ಷಕ್ಕೂ ಕೈ ಹೆಚ್ಚಿದವು. ಕಲ್ಲಿಗೆ ಜಾಗ ಸಾಲದೆ ಮುಂದಿನವರ ಬೆನ್ನಿಗೆ ಹಿಂದಿನವರು ಕೈಯಿಟ್ಟು ನೂಕಿದರಂತೆ. ಹಾಗೆ ನೂಕುತ್ತ ನೂಕುತ್ತ ಪಾಲಕ್ಕ ಮುದುಕಿಯಾದಳು, ಒಂದು ಬೆಳಗ್ಗೆ ಸತ್ತಳು. ಕಲ್ಲು ಅರ್ಧ ದಾರಿಗೂ ಬಂದಿರಲಿಲ್ಲ.

ಹಟ್ಟಿಯೆಲ್ಲ ಅವಳ ಗುಡಿಸಲ ಮುಂದೆ ಸೇರಿತು. ಅಪ್ಪಣೆ ಕೇಳೋಕೆ ಯಾರು ಹೋಗ್ತೀರಿ ಅಂತ ಒಬ್ಬರು ಕೇಳಿದರು. ಯಾರೂ ಏಳಲಿಲ್ಲ. ಬೊಮ್ಮಯ್ಯ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ. ಅವನ ಹಿಂದೆ ಎಂಬತ್ತೇಳು ಒಲೆಯ ಜನವೂ ನಡೆದರು. ದಾರಿಯಲ್ಲಿ ಗೌಡ ಆಳುಗಳ ಸಮೇತ ಅಡ್ಡ ನಿಂತು, ಯಾರು ಕೊಟ್ಟರು ಅಪ್ಪಣೆ ಅಂತ ಗುಡುಗಿದನಂತೆ. ಯಾರೂ ನಿಲ್ಲಲಿಲ್ಲ. ಕೊನೆಗೆ ಗೌಡನೇ ದಾರಿ ಬಿಟ್ಟು ಮುಳ್ಳಿನ ಗಿಡಕ್ಕೆ ಇಳಿಯಬೇಕಾಯ್ತಂತೆ. ಅವತ್ತಿನಿಂದ ಇವತ್ತಿನವರೆಗೆ ಬಂಡೆಹಟ್ಟಿಯ ಹೆಣ ಯಾರ ಅಪ್ಪಣೆಗೂ ಕಾದಿಲ್ಲ. ಅದಕ್ಕೆ ಯಾರೂ ಗಡಿಗೆ ಇಟ್ಟಿರಲಿಲ್ಲ.

ಈಗಲೂ ನಮ್ಮಲ್ಲಿ ಯಾರು ಸತ್ತರೂ ಚಟ್ಟವನ್ನ ಪಾಲಕ್ಕನ ಕಲ್ಲಿನ ಪಕ್ಕ ಒಂದು ಗಳಿಗೆ ಇಳಿಸುತ್ತೇವೆ. ಹೊತ್ತವರು ಕಲ್ಲು ಮುಟ್ಟಿಯೇ ಮುಂದೆ ಹೋಗೋದು. ಮದುವೆಯಾಗಿ ಬಂದ ಸೊಸೆ ಮನೆ ತುಂಬಿದ ವರ್ಷವೇ ಕಲ್ಲಿಗೆ ಕೈ ಹಚ್ಚಬೇಕು. ವರ್ಷಕ್ಕೊಂದು ಉಸಿರು, ತಪ್ಪಿಸಿಲ್ಲ. ತೂಬು ಇನ್ನೂ ದೊಡ್ಡೂರಿನವರ ಕೈಯಲ್ಲೇ ಇದೆ, ಅದೂ ನಿಜ.

ನಡುಬಯಲಿಗೆ ಇನ್ನು ಹನ್ನೊಂದು ಗೇಣು ಉಳಿದಿದೆ. ಹೋದ ವರ್ಷ ಸರಿದದ್ದು ನಾಲ್ಕೇ ಬೆರಳು. ಯಾಕೆ ಅಂತ ಕೇಳ್ತೀರಾ? ಅರ್ಧ ಜನ ಹಿಂದೆ ನಿಂತು ಕೈ ಕಟ್ಟಿಕೊಂಡು ನೋಡಿದರು, ಆಮೇಲೆ ಮನೆಗೆ ಹೋಗಿ ನಾವೂ ನೂಕಿದೆವು ಅಂದರು. ಯಾರ್‍ಯಾರು ಅಂತ ನನಗೆ ಗೊತ್ತು. ಹೇಳೋದಿಲ್ಲ, ಕೇಳಬಾರದು ಅಂತ ಪಾಲಕ್ಕನ ಕಟ್ಟಳೆ ಇದೆ.

ಬಿಸಿಲು ಇಳೀತು, ಏಳಿ. ನನ್ನ ಕೈಯನ್ನೂ ಹಿಡಿದು ಎಬ್ಬಿಸಿ. ಈ ಮುದುಕಿಗೂ ಒಂದು ಉಸಿರು ಉಳಿದಿದೆ.